ಹಲ್ಲು ಎಣಿಸದೆ ಕೊಂಡ ಕ್ರೌನ್: ಗುಜರಿ ಮಾಲು, ಹೊಸ ಕಾನೂನು ಮತ್ತು ನಮ್ಮ ಜವಾಬ್ದಾರಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮದ್ರಸಕ್ಕೆ ಗುಡ್ಡದ ಆಚೆಯಿಂದ ಬರುವ ಏಳು ಮಕ್ಕಳು ಹೊತ್ತಾದರೂ ಬರಲಿಲ್ಲ. ಮಳೆಯಿಂದ ತಡವಾಗಿರಬಹುದು ಅಂತ ನಾವು ಪಾಠ ಶುರು ಮಾಡಿದೆವು. ಏಳು ಗಂಟೆಯ ಹೊತ್ತಿಗೆ ಒಬ್ಬ ಹುಡುಗ ಓಡಿಕೊಂಡು ಬಂದ. "ಉಸ್ತಾದ್, ಜೀಪು ಏರಿನಲ್ಲಿ ಹಿಂದೆ ಬಂತು" ಅಂದ. ನಾವು ಕೊಡೆಯನ್ನೂ ಹಿಡಿಯದೆ ಓಡಿದೆವು. ಮಕ್ಕಳನ್ನು ಕರೆತರುವ ಬಾಡಿಗೆ ಜೀಪು ಕಡಿದಾದ ಏರಿನಲ್ಲಿ ಬಂದ್ ಬಿದ್ದು, ಬ್ರೇಕ್ ಹಾಕಿದರೂ ಒದ್ದೆ ರಸ್ತೆಯಲ್ಲಿ ಹಿಂದಕ್ಕೆ ಜಾರಿ, ಚಕ್ರ ಚರಂಡಿಗೆ ಇಳಿದು ನಿಂತಿತ್ತು. ಚರಂಡಿ ಇಲ್ಲದಿದ್ದರೆ ಆಚೆ ಬದಿ ತೋಟ, ಹತ್ತು ಹನ್ನೆರಡು ಅಡಿ ಕೆಳಗೆ. ಅಲ್‌ಹಮ್ದುಲಿಲ್ಲಾಹ್, ಮಕ್ಕಳಿಗೆ ಏನೂ ಆಗಲಿಲ್ಲ.

ಆ ಚಾಲಕರು ಬೇಜವಾಬ್ದಾರಿ ಮನುಷ್ಯ ಅಲ್ಲ. ಇಪ್ಪತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಜೀಪು ಓಡಿಸುವವರು. ಅದಕ್ಕಿಂತ ಹತ್ತು ದಿನ ಮುಂಚೆ ಹಿಂದಿನ ಆಕ್ಸಲ್‌ನಲ್ಲಿ ಕೂಗುವ ಶಬ್ದ ಬಂದು, ಬಿಚ್ಚಿ ನೋಡಿದರೆ ಕ್ರೌನ್ ಪಿನಿಯನ್ ಹೋಗಿತ್ತು. ಹೊಸತರ ದರ ಕೇಳಿ ಅವರು ಸುಮ್ಮನೆ ಎದ್ದು ಬಂದಿದ್ದರು. ಆಮೇಲೆ ಗುಜರಿಯಿಂದ ಒಂದು ಹಳೆ ಸೆಟ್ ತಂದು ಹಾಕಿಸಿದರು. ಹಾಕಿದ ಮರುದಿನವೇ ನಮ್ಮ ಹತ್ತಿರ ಹೇಳಿದ್ದರು: "ಫೋರ್ ವೀಲ್ ಹಾಕಿದ್ರೆ ಗಾಡಿ ಬಿಗಿದು ಹೋಗ್ತದೆ ಉಸ್ತಾದ್, ಏರಿನಲ್ಲಿ ಮೊದಲಿನ ಹಾಗೆ ಎಳೆಯುವುದೂ ಇಲ್ಲ." ನಮಗೆ ಆಗ ಅದರ ಅರ್ಥ ಆಗಲಿಲ್ಲ. ಮೆಕ್ಯಾನಿಕ್‌ಗೂ ಆಗಲಿಲ್ಲ, "ಹೊಸದಾಗಿ ಕೂರಿಸಿದ್ದು, ಸೆಟ್ ಆಗ್ತದೆ" ಅಂದಿದ್ದರಂತೆ.

ಜೀಪು ಮೇಲೆತ್ತಿ ಮತ್ತೆ ಬಿಚ್ಚಿದಾಗ ವಿಷಯ ಗೊತ್ತಾಯಿತು. ಹಳೆಯ ಕ್ರೌನ್‌ನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 8. ಹೊಸದಾಗಿ ಹಾಕಿದ್ದರಲ್ಲಿ 47 ಮತ್ತು 11. ಕಣ್ಣಿಗೆ ಎರಡೂ ಒಂದೇ ಥರ. ಅದೇ ಹೌಸಿಂಗ್‌ನಲ್ಲಿ ಕೂತಿತ್ತು, ಬೋಲ್ಟ್ ಕೂಡ ಸರಿ ಬಂದಿತ್ತು. ಕೊಟ್ಟವರು ಮೋಸ ಮಾಡಿದ್ದಲ್ಲ, ತಂದವರೂ ಜಿಪುಣತನ ಮಾಡಿದ್ದಲ್ಲ. ಯಾರೂ ಹಲ್ಲು ಎಣಿಸಲಿಲ್ಲ, ಅಷ್ಟೇ.

ಇದು ಒಂದು ಜೀಪಿನ ಕಥೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇವತ್ತು ದೇಶದಲ್ಲಿ ಹಳೆ ವಾಹನ, ಗುಜರಿ, ಸ್ಕ್ರ್ಯಾಪ್ ಎಂಬ ಮೂರು ಮಾತುಗಳ ಸುತ್ತ ಕಾನೂನು ಬದಲಾಗುತ್ತಿದೆ. ಗುಜರಿ ಅಂಗಡಿ, ಗ್ಯಾರೇಜ್, ಬಾಡಿಗೆ ಗಾಡಿ, ಮೀನಿನ ಟೆಂಪೊ ಇವುಗಳಲ್ಲಿ ಅನ್ನ ಕಾಣುವ ಮನೆಗಳು ನಮ್ಮಲ್ಲಿ ಎಷ್ಟು ಉಂಟು ಅಂತ ಓದುಗರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡುವ.

ಈಗ ಯಾಕೆ ಈ ಮಾತು?

ಕೇಂದ್ರ ಸರ್ಕಾರ 2021ರಲ್ಲಿ ವಾಹನ ಸ್ಕ್ರ್ಯಾಪ್ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ವಾಹನ ಒಡೆಯುವ ಕೇಂದ್ರಗಳು ನೋಂದಣಿ ಮಾಡಿಕೊಳ್ಳಬೇಕು ಎಂಬ ನಿಯಮ ಬಂತು. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ ಅದನ್ನು 10,000 ಮಾಡಲಾಯಿತು. 2025ರ ಏಪ್ರಿಲ್ 1ರಿಂದ ಆಯುಷ್ಯ ಮುಗಿದ ವಾಹನಗಳ ಬಗ್ಗೆ ಪರಿಸರ ಕಾಯ್ದೆಯಡಿ ಪ್ರತ್ಯೇಕ ನಿಯಮಾವಳಿಯೇ ಜಾರಿಯಲ್ಲಿದೆ. ವಾಹನ ತಯಾರಿಸಿದ ಕಂಪೆನಿಯೇ ಅದನ್ನು ಮರುಬಳಕೆಗೆ ಒಪ್ಪಿಸುವ ಹೊಣೆ ಹೊರಬೇಕು ಎಂಬುದು ಅದರ ಮುಖ್ಯ ಮಾತು.

ಇದರ ನಡುವೆ ದೆಹಲಿಯ ಸುದ್ದಿ ಬಂತು. 2025ರ ಜುಲೈ 1ರಿಂದ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಇಂಧನ ಕೊಡಬಾರದು ಅಂತ ಆಯಿತು. ಜನ ವಿರೋಧಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆದರು, ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಅಂತಹ ಗಾಡಿಗಳ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ "15 ವರ್ಷದ ಗಾಡಿ ಇನ್ನು ಓಡಿಸುವ ಹಾಗಿಲ್ಲ, ಈಗಲೇ ಮಾರಿ" ಎಂಬ ಧ್ವನಿ ಸಂದೇಶ ಊರೂರು ಸುತ್ತಿತು. ನಮ್ಮ ಪರಿಚಯದವರೇ ಒಬ್ಬರು ಚೆನ್ನಾಗಿ ಓಡುತ್ತಿದ್ದ ಕಾರನ್ನು ಹೆದರಿ ಮಣ್ಣಿನ ಬೆಲೆಗೆ ಕೊಟ್ಟರು.

ನಿಜ ಏನೆಂದರೆ ಆ ವಯಸ್ಸಿನ ನಿಷೇಧ ದೆಹಲಿ ಮತ್ತು ಅದರ ಸುತ್ತಲ ಪ್ರದೇಶದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿದರೆ, ತಪಾಸಣೆಯಲ್ಲಿ ಪಾಸಾದರೆ, ಐದೈದು ವರ್ಷಕ್ಕೆ ನವೀಕರಿಸಬಹುದು. ಬಾಡಿಗೆ ಗಾಡಿಗೆ ಎಫ್‌ಸಿ ಬೇಕೇ ಬೇಕು. ಅಂದರೆ ಹಳೆ ಗಾಡಿ ಇಟ್ಟುಕೊಳ್ಳುವುದು ತಪ್ಪಲ್ಲ, ಅದನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ಸರಿಯಾಗಿ ಇಟ್ಟುಕೊಳ್ಳಬೇಕಾದರೆ ಪಾರ್ಟ್ ಬೇಕು. ಕಂಪೆನಿ ನಿಲ್ಲಿಸಿದ ಮಾಡೆಲ್‌ಗಳಿಗೆ ಪಾರ್ಟ್ ಎಲ್ಲಿಂದ ಬರಬೇಕು? ಮಾರುತಿ 800 ನಿಂತದ್ದು 2014ರಲ್ಲಿ, ಓಮ್ನಿ ನಿಂತದ್ದು 2019ರಲ್ಲಿ. ಎಲ್ಲ ಪಾರ್ಟೂ ಹೊಸತೇ ಸಿಗುವ ಕಾಲ ಕ್ರಮೇಣ ಮುಗಿಯುತ್ತದೆ. ಹಾಗಾಗಿ ಗುಜರಿಯೇ ಗತಿ. ಇನ್ನು ಮುಂದೆ ಗುಜರಿಯಿಂದ ಕೊಳ್ಳುವವರು ಹೆಚ್ಚಾಗುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಂದೇ ಥರ ಕಂಡರೆ ಒಂದೇ ಅಲ್ಲ

ಎಂಜಿನ್‌ನಿಂದ ಚಕ್ರದವರೆಗೆ ಶಕ್ತಿ ಮುಟ್ಟಿಸುವ ಸಾಮಾನು ಒಂದು ಸರಪಳಿ ಇದ್ದ ಹಾಗೆ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಆಕ್ಸಲ್. ಒಂದು ಕೊಂಡಿ ಬದಲಾದರೆ ಉಳಿದದ್ದಕ್ಕೆಲ್ಲ ಪೆಟ್ಟು. ಬಾಗಿಲು, ಬಂಪರ್ ತಪ್ಪಾಗಿ ತಂದರೆ ಕೂರುವುದಿಲ್ಲ, ಅಲ್ಲಿಗೆ ಮುಗಿಯಿತು. ಈ ಸಾಮಾನು ಹಾಗಲ್ಲ. ತಪ್ಪು ಮಾಲೂ ಕೆಲವೊಮ್ಮೆ ಸಲೀಸಾಗಿ ಕೂತುಬಿಡುತ್ತದೆ, ಅದೇ ಅಪಾಯ.

ಜೀಪಿನ ಲೆಕ್ಕ ನೋಡಿ. 43ನ್ನು 8ರಿಂದ ಭಾಗಿಸಿದರೆ 5.38 ಹತ್ತಿರ. ಅಂದರೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 47ನ್ನು 11ರಿಂದ ಭಾಗಿಸಿದರೆ 4.27. ಚಕ್ರ ಬೇಗ ತಿರುಗುತ್ತದೆ, ಆದರೆ ಎಳೆಯುವ ಬಲ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಬಯಲು ರಸ್ತೆಯಲ್ಲಿ "ಗಾಡಿ ಈಗ ಲೈಟ್ ಆಗಿ ಓಡ್ತದೆ" ಅಂತ ಖುಷಿಯಾಗಬಹುದು. ಗುಡ್ಡದ ರಸ್ತೆಯಲ್ಲಿ ಜನ ತುಂಬಿಸಿಕೊಂಡು ಹೋಗುವಾಗ ಗೊತ್ತಾಗುತ್ತದೆ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳುತ್ತದೆ. ಅದಕ್ಕೆ ಲೆಕ್ಕ ಸಿಗುವುದು ಡಿಫರೆನ್ಷಿಯಲ್‌ಗಿಂತ ಮೊದಲೇ. ಆದ್ದರಿಂದ ಅದು 40 ತೋರಿಸುವಾಗ ಗಾಡಿ ನಿಜವಾಗಿ 50ರಲ್ಲಿ ಇರುತ್ತದೆ.

ಫೋರ್ ವೀಲ್ ಜೀಪಾದರೆ ಇನ್ನೊಂದು ತೊಂದರೆ. ಆ ಜೀಪಿನ ಮುಂದಿನ ಆಕ್ಸಲ್‌ನಲ್ಲಿ ಹಳೆ 5.38 ಹಾಗೆಯೇ ಇತ್ತು, ಹಿಂದೆ 4.27. ಫೋರ್ ವೀಲ್ ಹಾಕಿದಾಗ ಹಿಂದಿನ ಚಕ್ರ ನೂರು ಅಡಿ ಹೋಗಲು ನೋಡಿದರೆ ಮುಂದಿನದು ಎಂಬತ್ತಡಿ ಮಾತ್ರ ಹೋಗುತ್ತದೆ. ಎರಡೂ ಒಂದನ್ನೊಂದು ಹಿಡಿದು ಎಳೆದಾಡುತ್ತವೆ. ಗಾಡಿ ಬಿಗಿಯುತ್ತದೆ, ಟಯರ್ ಉಜ್ಜುತ್ತದೆ, ಕೊನೆಗೆ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಚಾಲಕರು ಹೇಳಿದ "ಬಿಗಿದು ಹೋಗ್ತದೆ" ಎಂಬ ಮಾತಿನ ಅರ್ಥ ಇದು. ಆ ದಿನ ಮಳೆ ಅಂತ ಅವರು ಫೋರ್ ವೀಲ್ ಹಾಕಿಯೇ ಏರು ಹತ್ತಿಸಿದ್ದರು. ಮೊದಲೇ ಬಲ ಕಡಿಮೆ, ಅದರ ಮೇಲೆ ಈ ಎಳೆದಾಟ.

ಇದು ಹೊಸ ಸಮಸ್ಯೆ ಅಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ 4.88 ಇತ್ತು, ಯುದ್ಧ ಮುಗಿದ ಮೇಲೆ ರೈತರಿಗಾಗಿ ಬಂದ ಮಾಡೆಲ್‌ನಲ್ಲಿ 5.38 ಹಾಕಿದರು. ಜೀಪು ನೋಡಲು ಒಂದೇ, ಕೆಲಸ ಬೇರೆ.

ಕಾರಿನಲ್ಲಿಯೂ ಇದೇ. ಮಾರುತಿ 800 ಮತ್ತು ಓಮ್ನಿಯಲ್ಲಿ ಇರುವುದು ಅದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಹಾಗಂತ 800ರ ಗೇರ್‌ಬಾಕ್ಸ್ ಓಮ್ನಿಗೆ ಬರುವುದಿಲ್ಲ. 800ರಲ್ಲಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ಎಳೆಯುತ್ತದೆ, ಡಿಫರೆನ್ಷಿಯಲ್ ಗೇರ್‌ಬಾಕ್ಸ್‌ನೊಳಗೇ ಉಂಟು. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತು, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. 800ರಲ್ಲೇ ನಾಲ್ಕು ಗೇರಿನದ್ದೂ ಬಂದಿದೆ, ಐದು ಗೇರಿನದ್ದೂ ಬಂದಿದೆ. ಇನ್ನು ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲಿ ಉಂಟು, ಟಾಟಾ ವಿಸ್ಟಾದಲ್ಲಿ ಉಂಟು, ಪುಂಟೋದಲ್ಲಿ ಉಂಟು. "ಎಂಜಿನ್ ಒಂದೇ ಅಲ್ವಾ, ಗೇರ್‌ಬಾಕ್ಸೂ ಬರ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಂಜಿನ್ ಒಂದೇ ಆದ ಮಾತ್ರಕ್ಕೆ ಗೇರ್‌ಬಾಕ್ಸ್, ಅದರ ಮೌಂಟಿಂಗ್, ಶಾಫ್ಟ್ ಒಂದೇ ಆಗಬೇಕೆಂದಿಲ್ಲ.

ಕೊಳ್ಳುವ ಮುಂಚೆ ಏನು ನೋಡಬೇಕು

ನಾವು ಮೆಕ್ಯಾನಿಕ್ ಅಲ್ಲ. ಆ ಘಟನೆಯ ನಂತರ ಅನುಭವಸ್ಥ ಮೆಕ್ಯಾನಿಕ್‌ಗಳ ಹತ್ತಿರ, ಗುಜರಿಯ ಹಿರಿಯರ ಹತ್ತಿರ ಕೂತು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲನೆಯದು, ಬಿಚ್ಚಿದ ಹಳೆ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಗುಜರಿಗೆ ಹೋಗಿ. "ಇಂತಹ ವರ್ಷದ ಇಂತಹ ಗಾಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಒಂದೇ ವರ್ಷದಲ್ಲಿ ಕಂಪೆನಿ ಅರ್ಧದಲ್ಲಿ ಸಾಮಾನು ಬದಲಿಸುವುದುಂಟು. ಪಾರ್ಟ್‌ನ ಮೇಲೆ ಕೊರೆದ ಅಥವಾ ಎರಕದಲ್ಲೇ ಬಂದ ನಂಬರ್ ಇದ್ದರೆ ಬರೆದುಕೊಳ್ಳಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟರೆ ಕಂಪೆನಿಯ ಪಾರ್ಟ್ಸ್ ಅಂಗಡಿಯವರು ಕಂಪ್ಯೂಟರಿನಲ್ಲಿ ಸರಿಯಾದ ಪಾರ್ಟ್ ನಂಬರ್ ತೆಗೆದು ಕೊಡಬಲ್ಲರು. ಅವರಿಂದ ಕೊಳ್ಳದಿದ್ದರೂ ಕೇಳುವುದಕ್ಕೆ ನಾಚಿಕೆ ಬೇಡ.

ಎರಡನೆಯದು, ಎಣಿಸಿ. ಕ್ರೌನ್ ಪಿನಿಯನ್ ಆದರೆ ಎರಡರ ಹಲ್ಲನ್ನೂ ಎಣಿಸಿ. ಬಿಚ್ಚದ ಆಕ್ಸಲ್ ಆದರೆ ಎರಡೂ ಬದಿಯನ್ನು ಒಟ್ಟಿಗೆ ಒಂದು ಪೂರ್ತಿ ಸುತ್ತು ತಿರುಗಿಸಿ, ಪಿನಿಯನ್ ಕಡೆಯ ಫ್ಲ್ಯಾಂಜ್‌ಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಅದು ಎಷ್ಟು ಸುತ್ತು ಬಂತು ಅಂತ ನೋಡಿ. ನಾಲ್ಕು ಚಿಲ್ಲರೆಯೋ ಐದು ಚಿಲ್ಲರೆಯೋ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗೇರ್‌ಬಾಕ್ಸ್ ಆದರೆ ಎಷ್ಟು ಗೇರ್, ಇನ್‌ಪುಟ್ ಶಾಫ್ಟ್‌ನ ತುದಿಯಲ್ಲಿ ಎಷ್ಟು ಗೀರು ಎಣಿಸಿ. ನಿಮ್ಮ ಕ್ಲಚ್ ಪ್ಲೇಟನ್ನು ಅದರ ಮೇಲೆ ಹಾಕಿ ಜಾರಿಸಿ ನೋಡಿದರೆ ಇನ್ನೂ ಒಳ್ಳೆಯದು.

ಮೂರನೆಯದು, ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಹುಟ್ಟಿದವು. ಕಾರ್ಖಾನೆಯಲ್ಲಿ ಒಂದನ್ನೊಂದು ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ನಂಬರ್ ಇರುತ್ತದೆ. ಒಂದು ಗಾಡಿಯ ಕ್ರೌನ್, ಇನ್ನೊಂದರ ಪಿನಿಯನ್ ಸೇರಿಸಿದರೆ ಹಲ್ಲಿನ ಲೆಕ್ಕ ಸರಿಯಿದ್ದರೂ ಕೂಗುತ್ತದೆ, ಬೇಗ ಸವೆಯುತ್ತದೆ. ಶಿಮ್ ಹಾಕಿ ಪಿನಿಯನ್‌ನ ಆಳ, ಹಲ್ಲಿನ ಪ್ಲೇ ಸರಿಮಾಡಲು ಬಲ್ಲವರ ಕೈಯಲ್ಲಿಯೇ ಕೂರಿಸಿ.

ನಾಲ್ಕನೆಯದು, ಸಣ್ಣ ಸಣ್ಣ ಜೋಡಣೆಗಳು. ಸ್ಪೀಡೋಮೀಟರ್ ಕೇಬಲಿನದ್ದೋ, ಸೆನ್ಸರಿನದ್ದೋ? ಕ್ಲಚ್ ಕೇಬಲಿನದ್ದೋ, ಆಯಿಲಿನದ್ದೋ? ಸ್ಟಾರ್ಟರ್ ಮೋಟರ್ ಕೂರುವ ಜಾಗ ಅದೇ ಬದಿಯೋ? ರಿವರ್ಸ್ ಲೈಟಿನ ಸ್ವಿಚ್ ಉಂಟೋ? ಮುಂದಿನ ಚಕ್ರದ ಡ್ರೈವ್ ಶಾಫ್ಟ್ ಆದರೆ ಉದ್ದ ಅಳೆಯಿರಿ, ಎರಡೂ ತುದಿಯ ಗೀರು ಎಣಿಸಿ. ಎಬಿಎಸ್ ಇರುವ ಗಾಡಿಯಲ್ಲಿ ಶಾಫ್ಟ್‌ನ ಮೇಲೆ ಹಲ್ಲಿನ ರಿಂಗ್ ಒಂದು ಇರಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅದೇ ಮಾಡೆಲ್‌ನ ಹಳೆ ಗಾಡಿಯ ಶಾಫ್ಟ್‌ನಲ್ಲಿ ಆ ರಿಂಗ್ ಇಲ್ಲದಿದ್ದರೆ, ಗಾಡಿ ಓಡುತ್ತದೆ, ಆದರೆ ಜೋರಾಗಿ ಬ್ರೇಕ್ ಹಾಕಿದ ದಿನ ಎಬಿಎಸ್ ಕೈಕೊಡುತ್ತದೆ.

ಐದನೆಯದು, ಒಳಗಿನ ಆರೋಗ್ಯ. ಡ್ರೈನ್ ಬೋಲ್ಟ್ ತೆಗೆದು ಆಯಿಲ್ ನೋಡಿ. ಆಯಸ್ಕಾಂತಕ್ಕೆ ಬೂದಿಯಂತಹ ನಯವಾದ ಪುಡಿ ಅಂಟಿದ್ದರೆ ಅದು ಸಹಜ ಸವೆತ. ಚೂರು, ತುಂಡು ಬಂದರೆ ಆ ಮಾಲು ಬೇಡ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದು ಅರ್ಥ. ನೆರೆಯಲ್ಲಿ ಮುಳುಗಿದ ಗಾಡಿಯ ಸಾಮಾನಿರಬಹುದು. ಹೊರಗೆ ಪೇಂಟ್ ಹೊಡೆದು ಹೊಳೆಯುವ ಗೇರ್‌ಬಾಕ್ಸ್ ನೋಡಿ ಮರುಳಾಗಬೇಡಿ, ಬೇರಿಂಗ್‌ಗೆ ತುಕ್ಕು ಹಿಡಿಯುವುದು ಒಳಗೆ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಎಲ್ಲ ಗೇರಿಗೂ ಹಾಕಿ ತಿರುಗಿಸಿ, ಕಿವಿಗೊಡಿ.

ಕೂರಿಸುವಾಗ ಹೊಸ ಆಯಿಲ್ ಸೀಲ್ ಹಾಕಿಸಿ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ನೋಡಿಬಿಡಿ, ಅದಕ್ಕಾಗಿಯೇ ಇನ್ನೊಮ್ಮೆ ಇಳಿಸಿದರೆ ಕೂಲಿ ಎರಡು ಸಲ. ಆಯಿಲ್ ಕೂಡ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಜೀಪಿನಂತಹ ಹಿಂದಿನ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಅದನ್ನೇ ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಸುರಿದರೆ ಒಳಗಿನ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಹಾನಿಯಾಗಬಹುದು.

ಇನ್ನು ಕ್ಲಚ್ ಪೆಡಲ್ ಇಲ್ಲದ ಈಗಿನ ಗಾಡಿಗಳು. ಅವುಗಳ ಗೇರ್‌ಬಾಕ್ಸ್‌ನ ಜೊತೆ ಕಂಪ್ಯೂಟರ್ ಸೇರಿಕೊಂಡಿದೆ. ಪಾರ್ಟ್ ಸರಿಯಾದದ್ದೇ ಸಿಕ್ಕಿದರೂ ಸ್ಕ್ಯಾನರ್ ಹಾಕಿ ಕಲಿಸಿಕೊಡದೆ ಗಾಡಿ ಸರಿಯಾಗಿ ಓಡುವುದಿಲ್ಲ. ಹತ್ತಿರದಲ್ಲಿ ಆ ಕೆಲಸ ಬಲ್ಲವರು ಯಾರು ಎಂದು ಮೊದಲು ವಿಚಾರಿಸಿ, ಆಮೇಲೆ ಗುಜರಿಗೆ ಹೋಗಿ.

ಕೊನೆಯದಾಗಿ, ಹೊಸತರ ದರವನ್ನೂ ಒಮ್ಮೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಸೀಲ್, ಬೇರಿಂಗ್, ಕ್ಲಚ್ ಪ್ಲೇಟ್‌ನಂತಹ ಸವೆಯುವ ಸಾಮಾನನ್ನು ಹಳೆಯದು ಕೊಳ್ಳುವುದರಲ್ಲಿ ಲಾಭವೇ ಇಲ್ಲ. ಗೇರ್‌ಬಾಕ್ಸ್, ಆಕ್ಸಲ್‌ನಂತಹ ದೊಡ್ಡ ಸಾಮಾನಿನಲ್ಲಿ ಮಾತ್ರ ಹಳೆಯದರಿಂದ ನಿಜವಾದ ಉಳಿತಾಯ.

ಬಿಲ್ ಇಲ್ಲದ ಮಾಲು

ಪಾರ್ಟ್ ಸರಿಯಾಗಿ ಹೊಂದಿದರೆ ಸಾಕೇ? ಅದು ಯಾರ ಗಾಡಿಯದ್ದು ಎಂಬುದೂ ಗೊತ್ತಾಗಬೇಕು. ಆರ್‌ಸಿಯಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್ ಇರುತ್ತದೆ, ಗೇರ್‌ಬಾಕ್ಸ್‌ನ ನಂಬರ್ ಇರುವುದಿಲ್ಲ. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಬೇಕು. ಗಾಡಿಯ ಮೂಲ ವಿನ್ಯಾಸವನ್ನೇ ಮನಬಂದಂತೆ ಬದಲಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಗೇರ್‌ಬಾಕ್ಸ್, ಆಕ್ಸಲ್‌ಗಳಿಗೆ ಅಂತಹ ಗುರುತು ಇಲ್ಲದ್ದರಿಂದ ಕಳ್ಳರಿಗೆ ಅವೇ ಇಷ್ಟ. ಕದ್ದ ಗಾಡಿಯನ್ನು ಪೂರ್ತಿ ಮಾರುವುದು ಕಷ್ಟ, ತುಂಡು ತುಂಡು ಮಾಡಿ ಮಾರುವುದು ಸುಲಭ.

ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಮೂರು ವರ್ಷದವರೆಗೆ ಜೈಲು. ಅದನ್ನೇ ಕಸುಬಾಗಿ ಮಾಡಿದವರಿಗೆ ಹತ್ತು ವರ್ಷ, ಜೀವಾವಧಿಯವರೆಗೂ ಶಿಕ್ಷೆ. "ಕಾರಣವಿದ್ದೂ" ಎಂಬ ಮಾತನ್ನು ಗಮನಿಸಿ. ಮಾರುಕಟ್ಟೆಯಲ್ಲಿ ಇಪ್ಪತ್ತು ಸಾವಿರ ಬಾಳುವ ಮಾಲನ್ನು ರಾತ್ರಿ ಹೊತ್ತಿನಲ್ಲಿ ಯಾರೋ ಐದು ಸಾವಿರಕ್ಕೆ ಕೊಟ್ಟರೆ, ನಾಳೆ "ನನಗೆ ಗೊತ್ತಿರಲಿಲ್ಲ" ಅಂದರೆ ಯಾರು ನಂಬುತ್ತಾರೆ?

ಉತ್ತರಪ್ರದೇಶದ ಮೀರತ್‌ನ ಸೋತಿಗಂಜ್ ಹಳೆ ವಾಹನದ ಬಿಡಿಭಾಗಗಳಿಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ಕದ್ದ ಗಾಡಿಗಳನ್ನು ಅಲ್ಲಿ ಒಡೆಯುತ್ತಾರೆ ಎಂಬ ಆರೋಪದ ಮೇಲೆ 2021ರ ಡಿಸೆಂಬರ್‌ನಲ್ಲಿ ಪೊಲೀಸರು ಇಡೀ ಮಾರುಕಟ್ಟೆಯನ್ನು ಮುಚ್ಚಿಸಿದರು. ತಪ್ಪು ಮಾಡಿದವರ ಜೊತೆಗೆ ಲೆಕ್ಕ ಇಟ್ಟು ವ್ಯಾಪಾರ ಮಾಡಿದವರ ಬಾಗಿಲಿಗೂ ಬೀಗ ಬಿತ್ತು. ಒಂದು ಬೀದಿಗೆ ಕೆಟ್ಟ ಹೆಸರು ಬಂದರೆ ಅದು ಅಂಗಡಿ ಅಂಗಡಿಯನ್ನು ಬಿಡಿಸಿ ನೋಡುವುದಿಲ್ಲ. ನಮ್ಮ ಹುಡುಗರು ಈ ಪಾಠ ಮರೆಯಬಾರದು. ನಮ್ಮ ಹೆಸರಿನ ಮೇಲೆ ಮೊದಲೇ ಸಂಶಯ ಪಡಲು ಕಾದಿರುವವರು ಇರುವಾಗ, ಇತರರು ಒಂದು ಕಾಗದ ಇಟ್ಟುಕೊಂಡರೆ ನಾವು ಎರಡು ಇಟ್ಟುಕೊಳ್ಳಬೇಕು.

ಕೊಳ್ಳುವವರಿಗೂ ಬಿಲ್‌ನಿಂದ ಲಾಭ ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರನ್ನೂ ಗ್ರಾಹಕರೆಂದೇ ಲೆಕ್ಕ ಹಿಡಿಯುತ್ತಾರೆ. ಬಾಡಿಗೆ ಜೀಪು, ಆಟೊ ಓಡಿಸುವವರು ಇದನ್ನು ತಿಳಿದಿರಬೇಕು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಬಿಲ್ ಇಲ್ಲದೆ ಯಾರ ಮುಂದೆ ಏನು ತೋರಿಸುವುದು? ಬಿಲ್‌ನಲ್ಲಿ "ಹಳೆ ಸಾಮಾನು" ಅಂತ ಬರೆದರೆ ಸಾಲದು. ಯಾವ ಗಾಡಿಯಿಂದ ಬಿಚ್ಚಿದ್ದು, ಪಾರ್ಟ್ ನಂಬರ್ ಅಥವಾ ಹಲ್ಲಿನ ಲೆಕ್ಕ ಎಷ್ಟು, ಹೊಂದದಿದ್ದರೆ ಎಷ್ಟು ದಿನದೊಳಗೆ ವಾಪಸು, ಇಷ್ಟನ್ನು ಬರೆಸಿಕೊಳ್ಳಿ.

ನಮ್ಮ ಗುಜರಿಯ ಮುಂದಿರುವ ಪ್ರಶ್ನೆ

ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ ಬ್ಯಾರದಿಂದ ಬಂತು ಎನ್ನುವವರುಂಟು. ಗುಜರಿ ವ್ಯಾಪಾರವನ್ನು ಕೀಳಾಗಿ ನೋಡುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಅದು ದೊಡ್ಡ ಕೆಲಸ. ಒಬ್ಬರು ಬಿಸಾಡಿದ್ದರಿಂದ ಇನ್ನೊಬ್ಬರ ಗಾಡಿ ಓಡುತ್ತದೆ, ಹೊಸ ಕಬ್ಬಿಣ ಕರಗಿಸುವುದು ಉಳಿಯುತ್ತದೆ. ಆದರೆ ಹೊಸ ನಿಯಮಗಳು ಈ ವ್ಯಾಪಾರದ ದಾರಿಯನ್ನೇ ತಿರುಗಿಸುತ್ತಿವೆ.

ಹೇಗೆ ಅಂತ ನೋಡಿ. ಆಯುಷ್ಯ ಮುಗಿದ ಗಾಡಿಯನ್ನು ಮಾಲೀಕರು ನೋಂದಾಯಿತ ಕೇಂದ್ರಕ್ಕೇ ಒಪ್ಪಿಸಬೇಕು. ಒಪ್ಪಿಸಿದವರಿಗೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಹೊಸ ಖಾಸಗಿ ವಾಹನ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ, ಬಾಡಿಗೆ ವಾಹನವಾದರೆ ಶೇ 15ರವರೆಗೆ ರಿಯಾಯಿತಿ ಕೊಡಬಹುದು ಎಂದು ನೀತಿ ಹೇಳುತ್ತದೆ. ನಮ್ಮ ಸಣ್ಣ ಗುಜರಿಯವರು ಆ ಪತ್ರ ಕೊಡಲಾರರು. ಹಾಗಾದರೆ ನಾಳೆ ಗಾಡಿಗಳು ಯಾರ ಹತ್ತಿರ ಹೋಗುತ್ತವೆ? ದೊಡ್ಡ ಕಂಪೆನಿಗಳು ಈಗಾಗಲೇ ಈ ಕ್ಷೇತ್ರಕ್ಕೆ ಇಳಿದಾಗಿದೆ. ನೋಂದಣಿಗೆ ಒಂದು ಲಕ್ಷ ರೂಪಾಯಿ ಶುಲ್ಕ, ಹತ್ತು ಲಕ್ಷದ ಬ್ಯಾಂಕ್ ಗ್ಯಾರಂಟಿ ಬೇಕು. ಅದಲ್ಲದೆ ಸಾಕಷ್ಟು ಜಾಗ, ಆಯಿಲ್, ಬ್ಯಾಟರಿ, ಗ್ಯಾಸ್ ಮಣ್ಣಿಗೆ ಸೇರದಂತೆ ತೆಗೆಯುವ ವ್ಯವಸ್ಥೆ ಬೇಕು. ಒಬ್ಬ ಸಣ್ಣ ವ್ಯಾಪಾರಿಗೆ ಇದು ಬೆಟ್ಟದಂತೆ ಕಾಣುತ್ತದೆ. ಹತ್ತು ಹದಿನೈದು ಮಂದಿ ಸೇರಿದರೆ ಆಗದ ಮಾತಲ್ಲ. ಮದುವೆ ಹಾಲ್ ಕಟ್ಟಲು ಒಟ್ಟಾಗುವ ನಾವು, ದುಡಿಮೆಯ ದಾರಿ ಉಳಿಸಿಕೊಳ್ಳಲು ಯಾಕೆ ಒಟ್ಟಾಗಬಾರದು?

ಅಷ್ಟು ದೊಡ್ಡದು ಆಗುವ ತನಕ ಸಣ್ಣದನ್ನು ಮಾಡಬಹುದು. ಗಾಡಿ ಕೊಳ್ಳುವಾಗ ಮಾರಿದವರ ಗುರುತಿನ ಚೀಟಿ, ಆರ್‌ಸಿಯ ಪ್ರತಿ ಇಟ್ಟುಕೊಳ್ಳುವುದು. ಗಾಡಿ ಇನ್ನು ಓಡುವುದಿಲ್ಲ ಎಂದಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕೆಂಬ ಕಾನೂನು ಮಾಲೀಕರಿಗೆ ಉಂಟು ಅಂತ ನೆನಪಿಸುವುದು. ಬಿಚ್ಚಿದ ಪ್ರತಿ ದೊಡ್ಡ ಸಾಮಾನಿಗೆ ಒಂದು ಚೀಟಿ ಕಟ್ಟಿ ಗಾಡಿಯ ಮಾಡೆಲ್, ವರ್ಷ, ಹಲ್ಲಿನ ಲೆಕ್ಕ ಬರೆಯುವುದು. ಚೀಟಿ ಕಟ್ಟಿದ ಅಂಗಡಿಗೆ ದೂರದ ಗಿರಾಕಿ ಫೋನಿನಲ್ಲೇ ಬರುತ್ತಾರೆ.

ಇಲ್ಲಿ ದೀನಿನ ಒಂದು ಮಾತು ಹೇಳದೆ ಹೋದರೆ ನಮ್ಮ ಕೆಲಸ ಪೂರ್ತಿಯಾಗುವುದಿಲ್ಲ. ಮಾರುವ ವಸ್ತುವಿನ ಐಬು ಗೊತ್ತಿದ್ದೂ ಮುಚ್ಚಿಡುವುದು ಹರಾಮ್. ಐಬು ಮೊದಲೇ ಇತ್ತು, ಹೇಳದೆ ಕೊಟ್ಟರು ಎಂದಾದರೆ ಕೊಂಡವರಿಗೆ ವಾಪಸು ಕೊಡುವ ಹಕ್ಕು ಉಂಟು ಅಂತ ಫಿಕ್ಹ್ ಗ್ರಂಥಗಳಲ್ಲಿ ನಾವು ಮಕ್ಕಳಿಗೆ ಕಲಿಸುತ್ತೇವೆ. "ಗುಜರಿ ಮಾಲು, ಗ್ಯಾರಂಟಿ ಇಲ್ಲ" ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಗೊತ್ತಿರುವ ಐಬನ್ನು ಬಚ್ಚಿಡಲು ಪರವಾನಗಿ ಸಿಗುವುದಿಲ್ಲ. ಬಣ್ಣ ಬಳಿದು ತುಕ್ಕು ಮುಚ್ಚುವುದೂ ಅದೇ ಲೆಕ್ಕ. ಕೊಳ್ಳುವವರಿಗೂ ಹೊಣೆ ಉಂಟು. ಕಡಿಮೆಗೆ ಸಿಕ್ಕಿತೆಂದು ಕಣ್ಣು ಮುಚ್ಚಿ ಕದ್ದ ಮಾಲು ಕೊಂಡರೆ, ಆ ಗಾಡಿಯಲ್ಲಿ ದುಡಿದ ಅನ್ನದ ಗತಿ ಏನು?

ಆ ಜೀಪಿನ ವಿಷಯ ಏನಾಯಿತು ಅಂತ ನೀವು ಕೇಳಬಹುದು. ಚಾಲಕರು ಮೊದಲು ಹೋಗಿ ಕೇಳಿದಾಗ ಅಂಗಡಿಯವರು ಒಪ್ಪಲಿಲ್ಲ. "ಬಿಚ್ಚಿ ಹಾಕಿದ ಮಾಲು ವಾಪಸಿಲ್ಲ" ಅಂದರು. ಬಿಲ್ ಇರಲಿಲ್ಲ. ಆಮೇಲೆ ನಾವು, ಜಮಾಅತಿನ ಇಬ್ಬರು ಹಿರಿಯರು, ಮೆಕ್ಯಾನಿಕ್ ಒಟ್ಟಿಗೆ ಹೋದೆವು. ಎರಡೂ ಕ್ರೌನ್‌ಗಳನ್ನು ಅವರ ಮೇಜಿನ ಮೇಲಿಟ್ಟು ಹಲ್ಲು ಎಣಿಸಿ ಅಂತ ಕೇಳಿಕೊಂಡೆವು. ಅವರು ಸೀಮೆಸುಣ್ಣ ತೆಗೆದುಕೊಂಡು ಎರಡು ಸಲ ಎಣಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಕ್ಕಳು ಎಷ್ಟು ಮಂದಿ ಇದ್ದರು?" ಅಂತ ಕೇಳಿದರು. ಏಳು ಅಂದೆವು.

"ನಾನು ಮೂವತ್ತು ವರ್ಷದಿಂದ ಇದನ್ನೇ ಮಾರುವುದು ಉಸ್ತಾದ್. ಹಲ್ಲು ಎಣಿಸಿ ಕೊಟ್ಟದ್ದಿಲ್ಲ" ಅಂದರು. ತಮ್ಮ ಗೋದಾಮಿನಲ್ಲಿ ಹುಡುಕಿಸಿ, ಎರಡು ದಿನದ ನಂತರ 43ಕ್ಕೆ 8ರ ಸೆಟ್ ತರಿಸಿಕೊಟ್ಟರು. ಹೆಚ್ಚಿಗೆ ಹಣ ತೆಗೆದುಕೊಳ್ಳಲಿಲ್ಲ. ಕೂರಿಸುವ ಕೂಲಿಯನ್ನು ಮೆಕ್ಯಾನಿಕ್ ಬಿಟ್ಟುಕೊಟ್ಟರು. ಹತ್ತು ಹನ್ನೆರಡು ದಿನ ಬಾಡಿಗೆ ಇಲ್ಲದೆ ಕೂತ ನಷ್ಟವನ್ನು ಮಾತ್ರ ಚಾಲಕರು ಹೊತ್ತರು. ಅದಕ್ಕಾಗಿ ತೆಗೆದ ಕೈಸಾಲ ಇನ್ನೂ ಪೂರ್ತಿ ತೀರಿಲ್ಲ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಅಂಗಡಿಗೆ ಇಣುಕಿದೆವು. ಆಕ್ಸಲ್‌ಗಳ ಸಾಲಿಗೆ ತಂತಿಯಲ್ಲಿ ರಟ್ಟಿನ ಚೀಟಿ ಕಟ್ಟಿತ್ತು. ಅವರ ಮಗ ಒಂದು ಕ್ರೌನ್ ಹಿಡಿದುಕೊಂಡು ಎಣಿಸುತ್ತಿದ್ದ, ನಡುವೆ ನಾವು ಸಲಾಂ ಹೇಳಿದ್ದಕ್ಕೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ.

ಪ್ರಿಯ ಓದುಗರೇ, ಸರ್ಕಾರದ ನೀತಿ ಸರಿಯೋ ತಪ್ಪೋ ಎಂದು ಚರ್ಚಿಸುವ, ಸಣ್ಣ ವ್ಯಾಪಾರಿಗಳಿಗೆ ದಾರಿ ಮಾಡಿಕೊಡಿ ಎಂದು ಜನಪ್ರತಿನಿಧಿಗಳನ್ನು ಕೇಳುವ. ಅದು ನಮ್ಮ ಹಕ್ಕು. ಆದರೆ ನಾಳೆ ಬೆಳಿಗ್ಗೆ ನಿಮ್ಮ ಮಕ್ಕಳು ಹತ್ತುವ ಗಾಡಿಗೆ ಇತ್ತೀಚೆಗೆ ಹಳೆ ಪಾರ್ಟ್ ಹಾಕಿಸಿದ್ದಾರೆಯೇ, ಹಾಕಿಸಿದ್ದರೆ ಎಣಿಸಿ ನೋಡಿದ್ದಾರೆಯೇ ಎಂದು ಚಾಲಕರನ್ನು ಒಮ್ಮೆ ಕೇಳಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಬೇಕಾದರೆ ಖರ್ಚಿಗೆ ನಿಮ್ಮ ಪಾಲನ್ನೂ ಕೊಡಿ. ಆ ಗಾಡಿಯಲ್ಲಿ ಕೂರುವುದು ನಮ್ಮ ಮಕ್ಕಳೇ ಅಲ್ಲವೇ?